ಫೋನಿಗೆ ಹೇಳಿದ ಸುಳ್ಳು

ಮಾತಾಡುವಾಗ ಅಲ್ಲಾಬಕ್ಷನಿಗೆ ಹಿಂದುಮುಂದು ತಿಳಿಯುವುದಿಲ್ಲ. ಬಸವಕಲ್ಯಾಣದಲ್ಲಿ ಶಾಲೆಯ ಯೂನಿಫಾರ್ಮು, ಲಂಗ, ಪಾಯಜಾಮ ಹೊಲಿದುಕೊಂಡು ಸುಖವಾಗಿದ್ದ ದರ್ಜಿ. ಹೆಂಡತಿಯ ತಮ್ಮ, ಹುಮನಾಬಾದಿನ ಅಬ್ದುಲ್ ಕರೀಂ, ತನ್ನ ಮಗ ಜೀಶಾನನ ಮದುವೆ ಗೊತ್ತುಮಾಡಿದಾಗ, "ಮದುಮಗನ ಶೇರವಾನಿ ನನ್ನ ಕೈಲೇ ಆಗಬೇಕು" ಎಂದು ಎಲ್ಲರೆದುರು ಎದೆ ತಟ್ಟಿಕೊಂಡುಬಿಟ್ಟ. ಅವನು ಅಲ್ಲಿಯವರೆಗೆ ಶೇರವಾನಿಯನ್ನು ಹೊಲಿಯುವುದಿರಲಿ, ಬಿಚ್ಚಿ ನೋಡಿದವನೂ ಅಲ್ಲ.

ಕರೀಂ ಕಳಿಸಿದ ಬಟ್ಟೆ ಕತ್ತರಿಗೆ ಸಿಕ್ಕ ಸ್ವಲ್ಪ ಹೊತ್ತಿನಲ್ಲೇ ದಿಂಬಿನ ಚೀಲಕ್ಕೂ ಬಾರದಂತಾಯಿತು. ಅಲ್ಲಾಬಕ್ಷ ಹೆಂಡತಿ ಹುಮೇರಾಳಿಗೂ ಹೇಳದೆ ಅದೇ ಬಣ್ಣದ ಸಿದ್ಧ ಶೇರವಾನಿಯೊಂದನ್ನು ಫೋನಿನ ಬಿಜಲಿ ಬ್ರೌಸರಿನಲ್ಲಿ ಹುಡುಕಿ ತರಿಸಿದ. ಮದುವೆಯ ಹಿಂದಿನ ದಿನ ಬೆಳಿಗ್ಗೆ ಪಾರ್ಸಲ್ ಬಂತು. ಕಂಪನಿಯ ಪಟ್ಟಿ ಕಿತ್ತು, ಅಲ್ಲಿ 'ಅಲ್ಲಾಬಕ್ಷ ಟೇಲರ್ಸ್' ಪಟ್ಟಿ ಹೊಲಿದ. ಆ ಪಟ್ಟಿಯನ್ನು ಮಾತ್ರ ಬಹಳ ಚೆನ್ನಾಗಿ ಹೊಲಿದಿದ್ದ.

ಹೊರಡುವ ಮುಂಚೆ ಪಕ್ಕದ ಮೊಬೈಲ್ ಅಂಗಡಿಯ ಸಂಘರತ್ನನ ಕೈಗೆ ರೀಚಾರ್ಜಿಗೆಂದು ಫೋನು ಕೊಟ್ಟದ್ದೇ ತಪ್ಪಾಯಿತು.

"ಚಾಚಾ, ಇದೇನ್ರಿ, ಎಲ್ಲಿ ಒತ್ತಿದ್ರೂ ಶೇರವಾನಿ ಜಾಹೀರಾತ ಬರಾಕತ್ತಾವು?"

"ನೀ ನೋಡಬ್ಯಾಡ!"

"ನಾ ನೋಡದಿದ್ರ ಏನಾತ್ರಿ? ನಿಮ್ಮ ಬಿಜಲಿ ಬ್ರೌಸರ್ ಎಲ್ಲಾ ನೋಡ್ಯದಲ್ಲ."

"ಮ್ಯಾಲ ಬೀಗದ ಚಿತ್ರ ಇತ್ತಲ್ಲೋ, ಯಾರೂ ಓದಂಗಿಲ್ಲ ಅಂತ!"

"ಇದ್ದದ್ದು ಖರೇರಿ. ಆದ್ರ ಡೇಟಾ ಉಳಸ್ತೀನಿ ಅಂತ ಹೇಳಿ ಇದು ಎಲ್ಲಾನೂ ಮೊದಲ ತನ್ನ ಕಂಪನಿಗಿ ತರಸ್ಕೊಂತದ. ಅಲ್ಲಿ ಬೀಗ ತೆಗೆದು, ಓದಿ, ಮತ್ತ ಬೀಗ ಹಾಕಿ ಮುಂದ ಕಳಸ್ತದ. ಲಕೋಟಿ ಒಡದು ಓದಿ ಮತ್ತ ಅಂಟಿಸಿ ಕೊಡೋ ಪೋಸ್ಟಮನ್ ಇದ್ದಂಗ. ನಾ ಕೂದಲ ಬಣ್ಣ ಹುಡುಕಿದ್ರ, ಇದೇ ಬ್ರೌಸರ್ ಇರೋ ನಮ್ಮ ಮಾವನ ಫೋನಿಗಿ ಅದರ ಜಾಹೀರಾತ ಬಂತ್ರಿ."

ಅಲ್ಲಾಬಕ್ಷನ ಜೀವ ಬಾಯಿಗೆ ಬಂತು. ಕರೀಂನ ಫೋನಿಗೆ ಅದೇ ಬ್ರೌಸರನ್ನು ಹಾಕಿಕೊಟ್ಟವನು ತಾನೇ!

"ತೆಗೆದು ಹಾಕೋ ಅದನ್ನ!"

"ಓದಿ ಆಗ್ಯದ್ರಿ ಚಾಚಾ. ಈಗ ತೆಗೆದ್ರ ಏನ್ ಬಂತು?"

ಬಸ್ಸಿನಲ್ಲಿ ಕುಳಿತು ಬೆವರು ಒರೆಸಿಕೊಳ್ಳುತ್ತಿದ್ದಾಗ ಅವನಿಗೊಂದು ಉಪಾಯ ಹೊಳೆಯಿತು. ಕದ್ದು ಓದುವವನಿಗೆ ನಮಗೆ ಬೇಕಾದದ್ದನ್ನೇ ಓದಿಸಿದರಾಯಿತಲ್ಲ! 'ಅಲ್ಲಾಬಕ್ಷ ಟೇಲರ್ ಸ್ವಂತ ಕೈಯಿಂದ ಹೊಲಿದ ಶೇರವಾನಿ' ಎಂದು ಬರೆದು ಹುಡುಕಿದ. ಮತ್ತೆ ಹುಡುಕಿದ. ಹೆಬ್ಬೆರಳು ನೋಯುವವರೆಗೂ ಬಿಡಲಿಲ್ಲ.

ಪಕ್ಕದ ಸೀಟಿನಲ್ಲಿದ್ದ ಮಂಠಾಳದ ಸತ್ಯಮ್ಮ ಇಣುಕಿದಳು. "ಆಗಲಿಂದ ಏನ್ ಹುಡಕಾಕತ್ತೀರಿ, ಭಾಯಿ?"

"ಮದುವಿ ಶೇರವಾನಿ ಹೊಲಿಯೋ ಒಬ್ಬ ಉಸ್ತಾದ ದರ್ಜಿ ಅದಾನ್ರಿ, ಅಲ್ಲಾಬಕ್ಷ ಅಂತ. ಅವನ್ನ ಹುಡಕಾಕತ್ತೇನಿ."

ಮಂದಿಯ ಕಷ್ಟ ಕಂಡರೆ ಸತ್ಯಮ್ಮನಿಗೆ ಸುಮ್ಮನಿರಲಾಗದು. ಎದ್ದು ನಿಂತು ಕೂಗಿದಳು: "ಫೋನ್ ಇದ್ದವರು ಅಲ್ಲಾಬಕ್ಷ ಟೇಲರ್, ಶೇರವಾನಿ ಅಂತ ಒಂದೀಟು ಹುಡುಕ್ರೆಪಾ! ಪಾಪ, ಮನ್ಯಾಗ ಮದುವಿ ಅದ, ದರ್ಜಿ ಸಿಗವಲ್ಲ!"

ಇಡೀ ಬಸ್ಸು ಅಲ್ಲಾಬಕ್ಷನನ್ನು ಹುಡುಕತೊಡಗಿತು. ಟಿಕೆಟ್ ಕೊಡುವುದು ಬಿಟ್ಟು ಕಂಡಕ್ಟರನೂ ಹುಡುಕಿದ. ಒಬ್ಬಾತ ಹುಲಸೂರಿನ ತನ್ನ ಗೆಳೆಯರಿಗೆಲ್ಲ ಹುಡುಕಲು ಹೇಳಿ ಮೆಸೇಜು ಹಾಕಿದ. ಹುಡುಕಿಸಿಕೊಳ್ಳುತ್ತಿದ್ದವನು ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸಿ ಖುಷಿಯಿಂದ ಕುಳಿತಿದ್ದ.

ಹುಮನಾಬಾದಿನಲ್ಲಿ ಶೇರವಾನಿ ಜೀಶಾನನ ಮೈಗೆ ಅಚ್ಚು ಹೊಯ್ದಂತೆ ಕೂತಿತು. ಕರೀಂ ಸುತ್ತ ತಿರುಗಿ ನೋಡಿದ, ಒಳಗಿನ ಪಟ್ಟಿ ಓದಿದ, ಆಮೇಲೆ ಜೇಬಿನಿಂದ ಫೋನು ತೆಗೆದ. ಅಲ್ಲಾಬಕ್ಷ ತನ್ನ ಚಪ್ಪಲಿ ಎಲ್ಲಿವೆಯೆಂದು ಬಾಗಿಲ ಕಡೆ ನೋಡಿದ.

"ದೂಲ್ಹಾಭಾಯಿ, ನೀವು ಇಷ್ಟು ದೊಡ್ಡವರಂತ ನಮಗ ಹೇಳೇ ಇಲ್ಲಲ್ರಿ!" ಎಂದು ಕರೀಂ ಅಕ್ಕನ ಗಂಡನ ಹೆಗಲು ತಟ್ಟಿದ.

ಪರದೆಯ ಮೇಲೆ ಬಿಜಲಿ ಬ್ರೌಸರು ದಪ್ಪಕ್ಷರದಲ್ಲಿ ತೋರಿಸುತ್ತಿತ್ತು: 'ಇಂದು ನಿಮ್ಮ ಸುತ್ತಮುತ್ತ ಎಲ್ಲರೂ ಹುಡುಕುತ್ತಿರುವುದು — ಅಲ್ಲಾಬಕ್ಷ ಟೇಲರ್, ಶೇರವಾನಿ.'

ಹೋದ ಜೀವ ಬಂದಂತಾಯಿತು. ಮಾನ ಉಳಿಯಿತು! ಬೆಳಿಗ್ಗೆ ಕಿತ್ತುಹಾಕಲು ಹೇಳಿದ್ದ ಬ್ರೌಸರಿನ ಮೇಲೆ ಅಲ್ಲಾಬಕ್ಷನಿಗೆ ಪ್ರೀತಿಯೇ ಉಕ್ಕಿತು.

"ಹುಡುಗಿ ಕಡೆಯವರಿಗೂ ತೋರಿಸೀನಿ," ಎಂದ ಕರೀಂ. "ಹುಡುಗಿ ಅಣ್ಣಂದಿರಿಗೆ ನಾಳೆ ನಿಕಾಹಕ್ಕ ಇಂಥದೇ ಬೇಕಂತ. ನೀವು ಅದೀರಂತ ಮಾತು ಕೊಟ್ಟೀನಿ. ನೋಡ್ರಿ, ಬಂದೇಬಿಟ್ರು!"

ಬಾಗಿಲಲ್ಲಿ ಇಬ್ಬರು ಗಟ್ಟಿಮುಟ್ಟು ತರುಣರು ರೇಷ್ಮೆ ಬಟ್ಟೆಯ ಥಾನು ಹೊತ್ತು ನಿಂತಿದ್ದರು. ಅವರ ಹಿಂದೆ ಬೀಗರ ಮನೆಯ ಹಿರಿಯರೆಲ್ಲ ಬಂದಿದ್ದರು.

"ಅಳತಿ ತೊಗೊಂಡು ಊರಿಗಿ ಹೋಗಿ ಹೊಲೀತೀನಿ," ಎಂದ ಅಲ್ಲಾಬಕ್ಷ ಸಣ್ಣ ದನಿಯಲ್ಲಿ.

"ಊರಿಗ್ಯಾಕ್ರಿ?" ಎಂದ ಕರೀಂ. "ಬಾಜೂ ಮನಿ ಮಿಷಿನ್ ತರಿಸೀನಿ. ಉಸ್ತಾದರ ಕೈ ಹ್ಯಾಂಗ ಆಡ್ತದಂತ ನೋಡಾಕ ಎಲ್ಲರೂ ಬಂದಾರ."

ಚಾಪೆ ಬಿತ್ತು. ಥಾನು ಹರಡಿತು. ಸುತ್ತ ಕುಳಿತ ಬೀಗರು ವಿಡಿಯೋ ಮಾಡಲು ಫೋನುಗಳನ್ನು ಎತ್ತಿ ಹಿಡಿದರು. ಕರೀಂ ಹೆಮ್ಮೆಯಿಂದ ಕತ್ತರಿ ತಂದು ಕೈಗಿಟ್ಟ.

"ಬಿಸ್ಮಿಲ್ಲಾ ಅಂದು ಶುರು ಮಾಡ್ರಿ, ದೂಲ್ಹಾಭಾಯಿ."

ಅಲ್ಲಾಬಕ್ಷ ಕಣ್ಣು ಮುಚ್ಚಿಕೊಂಡು "ಬಿಸ್ಮಿಲ್ಲಾ" ಎಂದ. ಹುಟ್ಟಿದಾಗಿನಿಂದ ಅಷ್ಟು ಮನಸಾರೆ ಅವನು ಎಂದೂ ಹೇಳಿರಲಿಲ್ಲ.