ಏಳು ಎಕರೆ ಹನ್ನೆರಡು ಗುಂಟೆ ಅರಣ್ಯ

೧೯೮೭ನೆಯ ಇಸವಿ ಜುಲೈ ತಿಂಗಳಲ್ಲಿ ಚಿಕ್ಕೋಡಿ ತಾಲೂಕಿಗೆ ಏಳು ಎಕರೆ ಹನ್ನೆರಡು ಗುಂಟೆ ಅರಣ್ಯ ಮಂಜೂರಾಯಿತು. ಮಂಜೂರಾಗುವ ಹಿಂದಿನ ದಿನದವರೆಗೆ ಅದು ಏಕಸಂಬಿಯ ಆಚೆಗಿನ ರಾವಸಾಹೇಬರ ಕಬ್ಬಿನ ಹೊಲವಾಗಿತ್ತು. ಮರುದಿನವೂ ಅದರಲ್ಲಿ ಕಬ್ಬೇ ಇತ್ತು. ಆದರೆ ಕಡತದಲ್ಲಿ ಬದಲಾವಣೆಯಾದ ಮೇಲೆ ಹೊಲದಲ್ಲಿಯೂ ಆಗಲೇಬೇಕೆಂದು ಹಟ ಹಿಡಿಯುವುದು ಸಣ್ಣತನ.

ಪಿಯುಸಿ ಮುಗಿಸಿ ಮುಂದೇನೆಂದು ತೋಚದೆ ಕೂತ ಯುವಕ ಯುವತಿಯರನ್ನು ಒಂದು ವರ್ಷ ಕಾಡಿನಲ್ಲಿಟ್ಟು ನಾಯಕರನ್ನಾಗಿ ಮಾಡುವುದು ಯುವ ನಾಯಕತ್ವ ಮಂಡಳಿಯ ಯೋಜನೆ. ವರ್ಷ ಪೂರೈಸಿದವರಿಗೆ ಪ್ರಮಾಣಪತ್ರ, ಪ್ರಮಾಣಪತ್ರ ಇದ್ದವರಿಗೆ ಶಿಕ್ಷಕರ ತರಬೇತಿಯ ಸೀಟಿನಲ್ಲಿ ಹತ್ತು ಅಂಕ. ಕಾಡು ಹೇಗಿರಬೇಕೆಂದು ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಹೇಳಲಾಗಿತ್ತು: ಯಾವ ದಿಕ್ಕಿನಿಂದ ನೋಡಿದರೂ ಮನೆ ಕಾಣಬಾರದು, ಕನಿಷ್ಠ ಒಂದು ಜಾತಿಯ ಕಾಡುಪ್ರಾಣಿ ಇರಬೇಕು, ಮನುಷ್ಯ ಸಂಚಾರ ಇರಕೂಡದು.

ಮಂಡಳಿಯ ತಾಲೂಕಾ ಸಂಘಟಕ ವಿರುಪಾಕ್ಷಪ್ಪನವರು ಇಂಥ ಸ್ಥಳಕ್ಕಾಗಿ ಸದಲಗಾದಿಂದ ನಿಪ್ಪಾಣಿಯವರೆಗೆ ಸುತ್ತಿದರು. ಕಬ್ಬು ಸಿಕ್ಕಿತು, ತಂಬಾಕು ಸಿಕ್ಕಿತು, ಊಟ ಸಿಕ್ಕಿತು, ಕಾಡು ಮಾತ್ರ ಸಿಗಲಿಲ್ಲ. ನಿಜವಾದ ಕಾಡು ಖಾನಾಪುರದ ಕಡೆ ಧಾರಾಳವಾಗಿತ್ತು. ಆದರೆ ಅದು ಬೇರೆ ತಾಲೂಕಿನ ಕಾಡು. ಪರ ತಾಲೂಕಿನ ಕಾಡಿನಲ್ಲಿ ಈ ತಾಲೂಕಿನ ನಾಯಕರು ಬೆಳೆದರೆ ಅವರು ಯಾವ ತಾಲೂಕಿನ ಲೆಕ್ಕಕ್ಕೆ ಸೇರಬೇಕು? ಈ ಪ್ರಶ್ನೆಗೆ ಮೇಲಿನವರು ಉತ್ತರಿಸಲಿಲ್ಲ. ಕಾಡಿಲ್ಲವೆಂದು ಬರೆದು ಕಳಿಸಿದರೆ ಸಂಘಟಕನಿಗೆ ಸಾಮರ್ಥ್ಯವಿಲ್ಲ ಎಂದಾಗುತ್ತಿತ್ತು.

ಆಗ ರಾವಸಾಹೇಬರು ತಮ್ಮ ಹೊಲ ತೋರಿಸಿದರು. ಹಿಂದಿನ ಮಳೆಗಾಲದಲ್ಲಿ ನೆಟ್ಟ ಕಬ್ಬು ಎರಡಾಳು ಎತ್ತರ ನಿಂತಿತ್ತು. ನಡುವೆ ನಿಂತರೆ ಮನೆಯೇನು, ಮೂರು ಮೊಳದಾಚೆಯ ಮನುಷ್ಯನೂ ಕಾಣುತ್ತಿರಲಿಲ್ಲ. ಹಂದಿ, ನರಿ ಎರಡೂ ಇದ್ದವು. ವಿರುಪಾಕ್ಷಪ್ಪನವರಿಗೆ ಕಣ್ತುಂಬಿ ಬಂತು. ರಾವಸಾಹೇಬರು ಬಾಡಿಗೆ ಕೇಳಲಿಲ್ಲ, ಒಂದೇ ಮಾತು ಕೇಳಿದರು. ಅರಣ್ಯವೆಂದ ಮೇಲೆ ತಪಾಸಣೆಗೆ ಸಾಹೇಬರ ಜೀಪು ಬರಬೇಕಲ್ಲ, ಅದಕ್ಕೊಂದು ದಾರಿ ಬೇಡವೇ? ಕಬ್ಬಿನ ಟ್ರ್ಯಾಕ್ಟರ್ ಹೋಗಲು ದಾರಿ ಬೇಕೆಂದು ಅವರು ಏಳು ವರ್ಷದಿಂದ ಅರ್ಜಿ ಹಾಕುತ್ತಿದ್ದರು, ಪಕ್ಕದ ಹೊಲದವರು ಜಾಗ ಬಿಟ್ಟಿರಲಿಲ್ಲ. ಅರಣ್ಯ ಮಾರ್ಗ ಒಂಬತ್ತು ದಿನದಲ್ಲಿ ಸಿದ್ಧವಾಯಿತು.

ಯೋಜನೆಗೆ ಹನ್ನೆರಡು ಜನ ಆಯ್ಕೆಯಾದರು. ಹನ್ನೊಂದು ಜನ ಮಂಡಳಿಯ ಸದಸ್ಯರ ಅಣ್ಣತಮ್ಮಂದಿರ ಮಕ್ಕಳು. ಅವರು ತಂತಮ್ಮ ಊರಿನಲ್ಲಿದ್ದುಕೊಂಡೇ ಅರಣ್ಯವಾಸ ಮಾಡಿದರು. ಒಬ್ಬನಂತೂ ನಿಪ್ಪಾಣಿಯಲ್ಲಿ ಕ್ಯಾಸೆಟ್ ಅಂಗಡಿ ನಡೆಸುತ್ತಲೇ ದಟ್ಟ ಕಾಡಿನಲ್ಲಿ ದಾರಿ ಹುಡುಕುವ ಪರೀಕ್ಷೆಯಲ್ಲಿ ಮೊದಲನೆಯವನಾಗಿ ಬಂದ. ಹನ್ನೆರಡನೆಯವಳು ಸುಂದರಾ. ಅವಳಿಗೆ ಹೇಳಿಕೊಡುವವರು ಯಾರೂ ಇರಲಿಲ್ಲವಾದ್ದರಿಂದ ಅವಳು ನಿಜವಾಗಿಯೂ ಬಂದುಬಿಟ್ಟಳು.

ಸುಂದರಾ ಹಿಂದಿನ ಸಲ ತರಬೇತಿ ಸೀಟನ್ನು ನಾಲ್ಕು ಅಂಕದಿಂದ ಕಳೆದುಕೊಂಡಿದ್ದಳು. ಅವಳಪ್ಪ ಗುರಪ್ಪ ಸದಲಗಾದ ಹಾಲಿನ ಡೇರಿಯಲ್ಲಿ ಸಿಪಾಯಿ. ಕೆಟ್ಟವನಲ್ಲ, ಗಡುವಿನ ಮನುಷ್ಯ. ಒಂದು ವರ್ಷ ನೋಡುವುದು, ಸೀಟು ಸಿಗದಿದ್ದರೆ ಪಾಲಬಾವಿಯ ಹುಡುಗನ ಜೊತೆ ಅಕ್ಕಿಕಾಳು ಹಾಕಿಬಿಡುವುದು ಎಂದು ಹೇಳಿದ್ದ. ಹುಡುಗನ ಕಡೆಯವರು ವರ್ಷ ಕಾಯಲು ಒಪ್ಪಿದ್ದರು. ಸುಂದರಾಳಿಗೆ ಮಾಸ್ತರಬಾಯಿಯಾಗುವುದು ಬಿಟ್ಟು ಬೇರೆ ಆಸೆ ಇರಲಿಲ್ಲ, ಎರಡನೆಯ ವರ್ಷವೂ ಇರಲಿಲ್ಲ.

ಮೊದಲ ದಿನ ಮಂಡಳಿಯವರು ಅವಳಿಗೆ ದಿಕ್ಸೂಚಿ, ಸೀಟಿ, ಹಗ್ಗ ಮತ್ತು ದಿನಚರಿ ಪುಸ್ತಕ ಕೊಟ್ಟರು. ಬಂದವಳು ಒಬ್ಬಳೇ ಆದ್ದರಿಂದ ಅವಳನ್ನೇ ತಂಡದ ನಾಯಕಿ ಎಂದು ಘೋಷಿಸಲಾಯಿತು. ನಾಯಕರಿಗೆ ಹಿಂಬಾಲಕರು ಇರಲೇಬೇಕೆಂದು ಸುತ್ತೋಲೆಯಲ್ಲಿ ಎಲ್ಲೂ ಹೇಳಿರಲಿಲ್ಲ. ಸೂರ್ಯಾಸ್ತದ ನಂತರ ಅರಣ್ಯಕ್ಕೆ ರಜೆ, ಮನೆಗೆ ಹೋಗಬಹುದು.

ಸುಂದರಾ ದಿಕ್ಸೂಚಿ ಹಿಡಿದು ಕಾಡು ಹೊಕ್ಕು ಇಪ್ಪತ್ತು ಹೆಜ್ಜೆ ನಡೆದಾಗ ಎದುರಿಗೆ ಅವಳ ತಾಯಿ ಸಿಕ್ಕಳು. ದ್ರೌಪದಿ ಕುಡುಗೋಲು ಹಿಡಿದು ಕಬ್ಬಿನ ಒಣಗರಿ ಸುಲಿಯುತ್ತಿದ್ದಳು. ಇಪ್ಪತ್ತು ವರ್ಷದಿಂದ ಅವಳು ದುಡಿಯುತ್ತಿದ್ದುದೇ ಈ ಹೊಲದಲ್ಲಿ. ಸುಂದರಾ ಕೂಸಾಗಿದ್ದಾಗ ಮಲಗುತ್ತಿದ್ದ ಜೋಳಿಗೆಯನ್ನು ಈ ಬದುವಿನ ಜಾಲಿಗೇ ಕಟ್ಟುತ್ತಿದ್ದರು. ತಾಯಿ ಮಗಳ ದಿಕ್ಸೂಚಿಯನ್ನು ತಿರುಗಿಸಿ ನೋಡಿ, ಇದಕ್ಕೆ ಕೀಲಿ ಕೊಡೋದು ಎಲ್ಲಿ ಎಂದು ಕೇಳಿದಳು.

ದಿನಚರಿಯಲ್ಲಿ ‘ಇಂದು ಎದುರಾದದ್ದು’ ಎಂಬ ಕಲಮು ಇತ್ತು. ಸುಂದರಾ ಅಲ್ಲಿ ‘ಅವ್ವ’ ಎಂದು ಬರೆದಳು. ಶನಿವಾರ ಅದನ್ನು ಓದಿದ ವಿರುಪಾಕ್ಷಪ್ಪನವರು ಬೆವತರು. ಅವ್ವ ಎಂದರೆ ಮನುಷ್ಯ ಸಂಚಾರ, ಮನುಷ್ಯ ಸಂಚಾರವಿದ್ದರೆ ಅರಣ್ಯ ರದ್ದು, ಅರಣ್ಯ ರದ್ದಾದರೆ ಪ್ರಮಾಣಪತ್ರವೂ ಇಲ್ಲ. ಒಂದು ವರ್ಷ ಆಳುಗಳನ್ನು ಬಿಡಿಸಿ ಎಂದು ಅವರು ರಾವಸಾಹೇಬರಲ್ಲಿ ವಿನಂತಿಸಿಕೊಂಡರು.

"ಅರಣ್ಯ ಆತು ಅಂತ ಕಬ್ಬು ಸುಮ್ಮ ಇರ್ತೈತೇನ್ರಿ ಸಾಹೇಬ?" ಎಂದರು ರಾವಸಾಹೇಬರು. "ಕಾಳಜಿ ಮಾಡಬ್ಯಾಡ್ರಿ. ನಮ್ಮ ಹೆಣ್ಣಾಳು ಭಾಳ ಸಾದಾ ಮಂದಿ. ಇದ್ರೂ ಇದ್ದಂಗ ಇರೂದಿಲ್ಲ."

ಈ ಮಾತಿನಲ್ಲಿ ಆಡಳಿತಕ್ಕೆ ಬೇಕಾದ ತಿರುಳಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮಂಡಳಿಯು ಹದಿನೈದು ದಿನದೊಳಗೆ ಸ್ಪಷ್ಟೀಕರಣ ಹೊರಡಿಸಿತು: ‘ಅರಣ್ಯ ಪ್ರದೇಶದಲ್ಲಿ ದಿನಗೂಲಿಯವರ ಇರುವಿಕೆಯನ್ನು ಮನುಷ್ಯ ಸಂಚಾರವೆಂದು ಪರಿಗಣಿಸತಕ್ಕದ್ದಲ್ಲ.’ ದಿನಚರಿಯ ಕಲಮಿನಲ್ಲಿ ಇನ್ನು ಮುಂದೆ ನರಿ, ಹಂದಿ, ಹಾವು, ಇತರೆ ಎಂಬ ನಾಲ್ಕರಲ್ಲಿ ಒಂದನ್ನೇ ಬರೆಯಬೇಕೆಂದು ಸುಂದರಾಳಿಗೆ ತಿಳಿಸಲಾಯಿತು. ಅವಳು ಎರಡು ದಿನ ಏನೂ ಬರೆಯಲಿಲ್ಲ. ಮೂರನೆಯ ದಿನ ಬರೆದಳು: ‘ಇತರೆ ಬಂದಿತ್ತು. ರೊಟ್ಟಿ, ಮೆಣಸಿನಕಾಯಿ ಖರ್ಡಾ ಕೊಟ್ಟಿತು. ಜ್ವರ ಇದ್ದಂತಿತ್ತು.’ ವಿರುಪಾಕ್ಷಪ್ಪನವರು ಕೆಂಪು ಶಾಯಿಯಲ್ಲಿ ‘ಉತ್ತಮ ವೀಕ್ಷಣೆ’ ಎಂದು ಷರಾ ಹಾಕಿದರು.

ತರಬೇತಿ ಕ್ರಮಬದ್ಧವಾಗಿ ನಡೆಯಿತು. ಹಗ್ಗ ಬಿಗಿಯುವ ಪಾಠವೆಂದರೆ ಗರಿಯ ಹೊರೆ ಕಟ್ಟುವುದು. ನೀರು ಹುಡುಕುವ ಪಾಠವೆಂದರೆ ಕಾಲುವೆಯ ಒಡಕು ಮುಚ್ಚುವುದು. ಭಾರ ಹೊತ್ತು ದೂರ ನಡೆಯುವ ಪಾಠಕ್ಕೆ ರಾವಸಾಹೇಬರ ದನದ ಕೊಟ್ಟಿಗೆ ಸರಿಯಾಗಿ ಒಂದೂವರೆ ಮೈಲಿ ದೂರದಲ್ಲಿತ್ತು. ಸುಂದರಾ ನಾಯಕತ್ವದಲ್ಲಿ ಎಷ್ಟು ಬೇಗ ಮುಂದುವರಿದಳೆಂದರೆ ರಾವಸಾಹೇಬರು ದೀಪಾವಳಿಯ ಹೊತ್ತಿಗೆ ಇಬ್ಬರು ಆಳುಗಳನ್ನು ಬಿಡಿಸಿದರು. ದ್ರೌಪದಿಗೆ ಸಿಟ್ಟು ಬಂತು. ಇದನ್ನ ಕಲಿಯಾಕ ಪಿಯುಸಿ ಯಾಕ ಬೇಕಿತ್ತು, ನಾ ಮನ್ಯಾಗ ಕಲಿಸ್ತಿದ್ದೆ ಎಂದಳು. ಆದರೆ ಸೀಟಿನ ನೆನಪಾಗಿ ಮತ್ತೆ ಗರಿ ಸುಲಿಯತೊಡಗಿದಳು.

ಡಿಸೆಂಬರಿನಲ್ಲಿ ಸಕ್ಕರೆ ಕಾರ್ಖಾನೆಯಿಂದ ಕಬ್ಬು ಕಡಿಯುವ ಪಾಳಿ ಬಂತು. ಬೀಡ್ ಕಡೆಯ ಕಟಾವಿನ ಟೋಳಿ ಬಂದು ನಾಲ್ಕೇ ದಿನದಲ್ಲಿ ಅರಣ್ಯವನ್ನು ಕಡಿದು, ಅರಣ್ಯ ಮಾರ್ಗದಲ್ಲಿ ಟ್ರ್ಯಾಕ್ಟರ್ ಮೇಲೆ ಸಾಗಿಸಿತು. ಐದನೆಯ ದಿನ ಸುಂದರಾ ಬೋಳು ಹೊಲದ ನಡುವೆ ದಿಕ್ಸೂಚಿ ಹಿಡಿದು ನಿಂತಿದ್ದಳು. ಏಕಸಂಬಿಯ ಮನೆಗಳೆಲ್ಲ ಕಾಣುತ್ತಿದ್ದವು. ವರ್ಷಕ್ಕೆ ಇನ್ನೂ ಏಳು ತಿಂಗಳು ಬಾಕಿ ಇತ್ತು. ಅವಳಿಗೆ ಅಳು ಬಂತು, ಅತ್ತಳು.

ವಿರುಪಾಕ್ಷಪ್ಪನವರು ಅಳುತ್ತ ಕೂರುವ ಪೈಕಿಯವರಲ್ಲ. ‘ಸದರಿ ಅರಣ್ಯವು ವಾಡಿಕೆಯಂತೆ ಸಕ್ಕರೆ ಕಾರ್ಖಾನೆಗೆ ಹೋಗಿದ್ದು, ಬೇರುಗಳು ಸ್ವಸ್ಥಾನದಲ್ಲಿವೆ’ ಎಂದು ವರದಿ ಮಾಡಿದರು. ಬೇರಿದ್ದಲ್ಲಿ ಅರಣ್ಯವಿದೆ ಎಂದು ಮಂಡಳಿ ಒಪ್ಪಿತು. ಕೂಳೆ ಚಿಗುರಿ ಮೊಳಕಾಲೆತ್ತರ ಬರುವವರೆಗೆ ಶಿಬಿರಾರ್ಥಿಯು ಅರಣ್ಯದಲ್ಲಿ ಕುಳಿತುಕೊಂಡೇ ಇರತಕ್ಕದ್ದು, ಕುಳಿತಾಗಲೂ ಮನೆ ಕಂಡಲ್ಲಿ ತಲೆ ತಗ್ಗಿಸತಕ್ಕದ್ದು ಎಂದು ಹೊಸ ನಿಯಮ ಬಂತು. ಕೂತು, ತಲೆ ತಗ್ಗಿಸಿ ಮಾಡುವ ಕೆಲಸವೆಂದರೆ ಕಳೆ ತೆಗೆಯುವುದು. ಅದು ‘ಅಡೆತಡೆ ನಿವಾರಣೆ’ ಎಂದು ಪಠ್ಯಕ್ರಮದಲ್ಲಿ ಮೊದಲೇ ಇತ್ತು.

ಜೂನ್ ಕೊನೆಗೆ ಅಂತಿಮ ತಪಾಸಣೆ. ಅಷ್ಟರಲ್ಲಿ ಕೂಳೆ ಆಳೆತ್ತರಕ್ಕೆ ಬಂದು ಅರಣ್ಯ ಮತ್ತೆ ದಟ್ಟವಾಗಿತ್ತು. ಜಿಲ್ಲೆಯಿಂದ ದೊಡ್ಡ ಸಾಹೇಬರು ಜೀಪಿನಲ್ಲಿ ಬಂದರು, ಕ್ಯಾಮೆರಾದವನೂ ಬಂದ. ಸುಂದರಾ ಬರೆದುಕೊಡಬೇಕಾಗಿದ್ದ ಮುಚ್ಚಳಿಕೆ ಒಂದೇ ಸಾಲಿನದು: ‘ವರ್ಷವಿಡೀ ಅರಣ್ಯದಲ್ಲಿ ನಾನು ಯಾವ ಮನುಷ್ಯರನ್ನೂ ಕಂಡಿರುವುದಿಲ್ಲ.’ ಸಹಿ ಮಾಡಿದರೆ ಪ್ರಮಾಣಪತ್ರ ಅಲ್ಲೇ ಕೈಗೆ.

ಸುಂದರಾ ಪೆನ್ನು ಹಿಡಿದು ನಿಂತಳು. ಹತ್ತು ಹೆಜ್ಜೆ ಆಚೆ, ಸಾಲಿನ ನಡುವೆ, ಕುಡುಗೋಲು ಹಿಡಿದು ದ್ರೌಪದಿ ನಿಂತಿದ್ದಳು. ಮಗಳಿಗೆ ಏನೋ ಸಿಗುತ್ತಿದೆಯೆಂದು ಸೆರಗು ಸರಿಮಾಡಿಕೊಂಡು ಬಂದಿದ್ದಳು.

"ನಮ್ಮವ್ವ ಅದಾಳ್ರಿ," ಎಂದಳು ಸುಂದರಾ.

ದೊಡ್ಡ ಸಾಹೇಬರು ದ್ರೌಪದಿಯನ್ನು ನೇರವಾಗಿ ನೋಡಿ, ಎಲ್ಲಿ ಎಂದು ಕೇಳಿದರು. ವಿರುಪಾಕ್ಷಪ್ಪನವರು ಸ್ಪಷ್ಟೀಕರಣದ ಪ್ರತಿ ತೋರಿಸಿದರು. ಸಾಹೇಬರು ಓದಿ ತಲೆದೂಗಿದರು, ಮತ್ತೆ ಅತ್ತ ನೋಡಲಿಲ್ಲ. ಹುಡುಗಿ ಮಾತ್ರ ಸಹಿ ಹಾಕಲೊಲ್ಲಳು. ಪಾಲಬಾವಿಯವರು ಆಗಲೇ ಎರಡು ಸಲ ಹೇಳಿಕಳಿಸಿದ್ದು ಅವಳಿಗೂ ಗೊತ್ತು, ತಾಯಿಗೂ ಗೊತ್ತು.

"ಬರದ ಕೊಡ ಮಗಳ," ಎಂದಳು ದ್ರೌಪದಿ. "ನಾ ಎಲ್ಲಿ ಬಂದೇನಿ? ನಾ ಇಲ್ಲೇ ಇಲ್ಲ. ನಿಂಗ ಇನ್ನೊಂದ್ ವರ್ಸಾ ಯಾರ ಕೊಡ್ತಾರ?"

ಹೀಗೆಂದು ಅವಳು ಹಿಂದೆ ಹಿಂದೆ ಸರಿದು ಕಬ್ಬಿನೊಳಗೆ ಹೋದಳು. ಗರಿ ಅಲುಗಾಡಿ ನಿಂತಿತು. ಸುಂದರಾ ಸಹಿ ಮಾಡಿದಳು. ಕ್ಯಾಮೆರಾದವನು ಅರಣ್ಯ ಖಾಲಿಯಾದ ಮೇಲೆ ಒಳ್ಳೆಯ ಫೋಟೋ ಬಂತೆಂದ. ಸಾಹೇಬರು ರಾವಸಾಹೇಬರ ಮನೆಯಿಂದ ಬಂದ ಊಟವನ್ನು ಬದುವಿನ ಮೇಲೆ ಕೂತು ಮಾಡಿ, ಎಲೆ ಅಡಿಕೆ ಹಾಕಿ, ಮೂರು ಗಂಟೆಗೆ ಹೊರಟರು. ಅಲ್ಲಿಯವರೆಗೆ ದ್ರೌಪದಿ ಒಳಗೇ ಇದ್ದಳು.

ಈ ವ್ಯವಸ್ಥೆ ಎಲ್ಲರಿಗೂ ಅನುಕೂಲವೆಂದು ಕಂಡುಬಂದದ್ದರಿಂದ ಮಂಡಳಿ ಅದನ್ನೇ ಆದೇಶ ಮಾಡಿತು: ಜೀಪಿನ ಸದ್ದು ಕೇಳಿಬಂದ ಕೂಡಲೇ ಅರಣ್ಯದಲ್ಲಿರುವ ದಿನಗೂಲಿಯವರು ಒಳಕ್ಕೆ ಸರಿಯತಕ್ಕದ್ದು. ಮೊದಮೊದಲು ರಾವಸಾಹೇಬರು ಕೂಗಿ ಹೇಳಬೇಕಾಗುತ್ತಿತ್ತು. ದಸರೆಯ ಹೊತ್ತಿಗೆ ಹೆಂಗಸರಿಗೆ ರೂಢಿಯಾಯಿತು. ಈ ನೆಪದಲ್ಲಿ ಒಂದು ಗಳಿಗೆ ಬೆನ್ನು ಆನಿಸಲು ಸಿಗುತ್ತದೆಂದು ಚನ್ನವ್ವ ಎಂಬ ಮುದುಕಿ ಮಂಡಳಿಗೆ ಒಳ್ಳೆಯದಾಗಲಿ ಎಂದಳು. ಅರಣ್ಯದ ಮಂಜೂರಾತಿಯನ್ನು ಇನ್ನೂ ಐದು ವರ್ಷ ವಿಸ್ತರಿಸಲಾಯಿತು.

ಸುಂದರಾಳಿಗೆ ಸೀಟು ಸಿಕ್ಕಿತು. ಪಾಲಬಾವಿಯವರು ಬೇರೆ ಕಡೆ ಹೆಣ್ಣು ನೋಡಿದರು. ಮೊದಲ ರಜೆಗೆ ಅವಳು ಬೆಳಗಾವಿಯಿಂದ ಬಸ್ಸಿನಲ್ಲಿ ಚಿಕ್ಕೋಡಿಗೆ ಬಂದು, ಅಲ್ಲಿಂದ ಬಾಡಿಗೆ ಜೀಪು ಹತ್ತಿದಳು. ಉಳಿದವರೆಲ್ಲ ಏಕಸಂಬಿಯಲ್ಲಿ ಇಳಿದರು. ಡ್ರೈವರ್ ಭೀಮಸಿ ಗುರುತಿನವನು. ಮಾಸ್ತರಬಾಯಿ ನಡೆಯುವುದು ಬೇಡವೆಂದು ಅವಳೊಬ್ಬಳನ್ನೇ ಅರಣ್ಯ ಮಾರ್ಗದಲ್ಲಿ ಹೊಲದವರೆಗೂ ತಂದು ಬಿಟ್ಟ.

ಹೊಲದಲ್ಲಿ ಯಾರೂ ಇರಲಿಲ್ಲ. ಬದುವಿನ ಮೇಲೆ ರೊಟ್ಟಿಯ ಗಂಟು ಇತ್ತು, ಅರ್ಧ ಕಟ್ಟಿದ ಹೊರೆ ಇತ್ತು. ಅವಳು ಎರಡು ಸಲ ಅವ್ವನನ್ನು ಕೂಗಿದಳು. ಭೀಮಸಿ ಜೀಪು ತಿರುಗಿಸಿಕೊಂಡು ಹೋಗಿ, ಅದರ ಸದ್ದು ಸದಲಗಾ ರಸ್ತೆ ಸೇರುವವರೆಗೆ ಅವಳು ಬಿಸಿಲಿನಲ್ಲಿ ನಿಂತುಕೊಂಡಳು. ಆಮೇಲೆ ಗರಿ ಅಲುಗಾಡಿ ದ್ರೌಪದಿ ಹೊರಗೆ ಬಂದಳು. ಮಗಳನ್ನು ಕಂಡು ಮುಖ ಅರಳಿತು, ಆದರೂ ಮೊದಲು ದಾರಿಯ ಕಡೆಗೇ ನೋಡಿದಳು.

"ಸಾಹೇಬ್ರು ಹ್ವಾದ್ರೇನ?" ಎಂದು ಮೆಲ್ಲಗೆ ಕೇಳಿದಳು.

"ಹ್ವಾದ್ರು ಬೇ ಯವ್ವಾ," ಎಂದು ಸುಂದರಾ ರೊಟ್ಟಿಯ ಗಂಟು ಬಿಚ್ಚಲು ಕೂತಳು.