ನನ್ನ ಕೈ, ನಮ್ಮತ್ತಿ ಕಾಲು

ನಗಬಾರದ ಜಾಗಾದಾಗ ಮಂದಿಗೆ ನಗು ಬರೂದು ನನ್ನ ಹಣೆಬರಹ ನೋಡ್ರಿ. ಕೊಟ್ಟೂರಾಗ ನಂದೊಂದು ಸಣ್ಣ ಕೈರೋಪ್ರಾಕ್ಟಿಕ್ ಕ್ಲಿನಿಕ್ ಐತಿ. ಆಡಾಕ ಹೋಗಿ ಕುತ್ತಿಗಿ, ಬೆನ್ನು, ಸೊಂಟ ಹಿಡಕೊಂಡು ಬಂದೋರಿಗೆ ಬರೇ ಕೈಲೇ ಕೀಲು ಸರಿ ಮಾಡೂದು ನನ್ನ ಕೆಲಸ. ಬಾಗಲಾ ತೆಗೆದು ಎಂಟು ತಿಂಗಳಾದ್ರೂ ನನ್ನ ಕೈ ಮ್ಯಾಲೆ ಯಾರಿಗೂ ನಂಬಿಕಿ ಕುಂದ್ರಲಿಲ್ಲ. ವರ್ಷ ತುಂಬೂದ್ರಾಗ ಜನ ನಂಬಲಿಲ್ಲಂದ್ರ ಬೀಗ ಹಾಕೂದು ಅಂತ ಮನಿಯಾಗ ತೀರ್ಮಾನ ಆಗಿತ್ತು.

೧. ಸಪ್ಪಳ

ಕೂಡ್ಲಿಗಿಯಿಂದ ಒಬ್ಬ ಪಿ.ಟಿ. ಮೇಷ್ಟ್ರು ಬಂದ್ರು. ಖೋ-ಖೋ ಕಲಸಾಕ ಹೋಗಿ ಕುತ್ತಿಗಿ ಒಂದ ಕಡೆ ತಿರುಗಿ ನಿಂತಿತ್ತು. ಮೆತ್ತಗ ಸರಿ ಮಾಡಿದೆ. ಕುತ್ತಿಗಿ ಎರಡೂ ಕಡೆ ತಿರುಗಿತು. ಮೇಷ್ಟ್ರು ಮಾತ್ರ ಟೇಬಲ್ ಬಿಟ್ಟು ಏಳವಲ್ರು.

"ಏಳ್ರಿ ಸರ, ಆತು."

"ಎಲ್ಲಾತ್ರಿ? ಲಟಕ್ ಅನ್ನಲೇ ಇಲ್ಲಲ್ಲ!"

"ಸಪ್ಪಳ ಬರಬೇಕಂತೇನಿಲ್ರಿ. ಕುತ್ತಿಗಿ ತಿರಗತೈತಲ್ಲ?"

"ತಿರಗತೈತ್ರಿ. ಆದ್ರ ನಂಬಿಕಿ ಬರವಲ್ದು."

ತಲಿ ಕೆಡ್ತು. ಅವರ ಕಿವಿ ಹಿಂದ ನಿಂತು ನನ್ನ ಬೆರಳು ನಾನೇ ಲಟಕ್ ಅನಿಸಿದೆ. ಮೇಷ್ಟ್ರು ಟಣ್ಣಂತ ಎದ್ದು ಕುಂತು, "ಅಬ್ಬಾ! ಈಗ ನೋಡ್ರಿ ಜೀವ ಬಂತು" ಅಂದ್ರು. ಆವತ್ತಿನಿಂದ ದಿನಾ ಬೆರಳು ಮುರದು ಮುರದು, ಈಗ ನಂಗೇ ಬೆರಳು ನೋವು.

೨. ಹಿತ್ತಲ ಬಾಗಲಾ

ಕ್ಲಿನಿಕ್ಕಿನ ಹಿಂದೇ ನಮ್ಮನಿ. ಹಡಗಲಿಯಿಂದ ನಮ್ಮತ್ತಿ ಮಗಳನ್ನ ನೋಡಾಕ ಬಂದ್ರು. ಅತ್ತಿ ಹುಟ್ಟುವಾಗ ಕಾಲು ಮುಂದಾಗಿ ಹುಟ್ಯಾರ. ಅಂಥೋರು ಒದ್ರ ಹಿಡದ ಬೆನ್ನು ಬಿಡತೈತಿ ಅಂತ ನಮ್ಮ ಕಡೆ ಎಲ್ಲಾರೂ ನಂಬ್ತಾರ.

ಒಂದಿನ ಹಿತ್ತಲದಾಗ ಧಪ್ ಅಂತು. ಹೋಗಿ ನೋಡಿದ್ರ, ಹಗರಿಬೊಮ್ಮನಹಳ್ಳಿಯಿಂದ ನನ್ನ ಹತ್ರ ಬಂದಿದ್ದ ವಾಲಿಬಾಲ್ ಆಟಗಾರ ಕಟ್ಟಿ ಮ್ಯಾಲೆ ಬೋರಲು ಮಲಗ್ಯಾನ, ಅವನ ಬೆನ್ನ ಮ್ಯಾಲೆ ಅತ್ತಿ ಕಾಲು ಐತಿ.

"ಏನ್ರೀ ಅತ್ತಿ ಇದು?"

"ನಾನೇನು ಕರದೇನ್ರಿ ಅಳಿಯಂದ್ರ? ಬೆನ್ನು ತಂದು ಕಾಲಿನ ಮುಂದ ಇಟ್ರ ನಾ ಏನ್ ಮಾಡ್ಲಿ?"

ಮರುದಿನ ಅವನ ಟೀಮೇ ಬಂತು. ಖುಷಿಯಿಂದ ಟೇಬಲ್ ಒರಸಿಟ್ಟೆ. ಒಳಗ ಬಂದು ಕೇಳಿದ್ರು: "ಡಾಕ್ಟ್ರ, ಹಿತ್ತಲ ಬಾಗಲಾ ಯಾವ ಕಡಿ?"

೩. ಕ್ಯಾಪ್ಟನ್

ಪಂದ್ಯಕ್ಕ ನಾಲ್ಕು ದಿನ ಇದ್ದಾಗ ಹರಪನಹಳ್ಳಿ ಕಬಡ್ಡಿ ಟೀಮಿನ ಕ್ಯಾಪ್ಟನ್ನಿಗೆ ಬೆನ್ನು ಹಿಡೀತು. ಇಂವನ್ನ ನಾನು ಎಬ್ಬಿಸಿ ನಿಲ್ಲಿಸಿದ್ರ ಸುತ್ತ ಐದು ತಾಲೂಕು ನನ್ನ ನಂಬತೈತಿ. ಇಲ್ಲಂದ್ರ ಬೀಗ! ಆರಡಿ ಆಳು. ಇಬ್ಬರು ಗೆಳೆಯರು ಹೊತ್ಕೊಂಡು ಬಂದು ಟೇಬಲ್ ಮ್ಯಾಲೆ ಬೋರಲು ಹಾಕಿದ್ರು. ಸ್ವಲ್ಪ ಮ್ಯಾಲೆ ಸರಿಸೋಣಂತ ಎತ್ತಾಕ ಹೋದೆ ನೋಡ್ರಿ, ನನ್ನ ಸೊಂಟನೇ ಹಿಡದುಬಿಡ್ತು. ಬಗ್ಗಿದೋನು ಬಗ್ಗೇ ನಿಂತೆ.

"ಡಾಕ್ಟ್ರ, ಶುರು ಮಾಡ್ರಿ" ಅಂದ ಕ್ಯಾಪ್ಟನ್.

"ಮಾಡಾಕತ್ತೀನಿ" ಅಂದೆ, ನೆಲ ನೋಡ್ಕೊಂತ.

ಗೆಳೆಯರಿಗೆ ಗೊತ್ತಾತು. ಅತ್ತಿ ಕಾಲಿನ ಸುದ್ದಿ ಅವರೂರಿಗೂ ಮುಟ್ಟಿತ್ತು. "ಅಜ್ಜೀ!" ಅಂತ ಒದರಿದ್ರು. ಅತ್ತಿ ಓಡಿ ಬಂದು ಗಲ್ಲ ಬಡ್ಕೊಂಡ್ರು. "ಅಯ್ಯ ಶಿವನ! ಅಳಿಯಗ ಕಾಲು ತಾಗಿಸಿದ್ರ ಪಾಪ ಬರತೈತ್ರಿ!"

"ಆ ಪಾಪ ನಂಗಿರ್ಲಿ, ಒದೀರಿ ಅತ್ತಿ!"

ಸೆರಗು ಸಿಗಿಸಿ ಜಾಡಿಸಿ ಒದ್ರು. ಗ್ವಾಡಿಗೆ ಹೋಗಿ ಬಡದೆ. ತಿರುಗಿ ನೋಡ್ತೀನಿ, ನೆಟ್ಟಗ ನಿಂತೀನಿ! ಅಷ್ಟು ಮಂದಿ ಮುಂದ ನಾಚಿಕಿಯಿಂದ ನೆಲ ಬಾಯಿ ಬಿಡಬಾರದಾ ಅನ್ನಿಸ್ತು. ಅತ್ತಿ ಮಾತ್ರ, ಕಾಲು ತಾಗಿಸಿದ್ದು ತಪ್ಪಾತು ಅಂತ ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳಾಕ ಬಗ್ಗಿದ್ರು. ಬಗ್ಗಿದೋರು ಏಳಲಿಲ್ಲ.

"ಅಳಿಯಂದ್ರ... ನಂಗೂ ಹಿಡೀತ್ರಿ."

ಬೆಂಚಿನ ಮ್ಯಾಲೆ ಮಲಗಿಸಿ, ಜಾಗ ನೋಡಿ ಒತ್ತಿದೆ. ಲಟಕ್! ಎಂಟು ತಿಂಗಳಾಗಿತ್ತು, ಇಂಥಾ ಸಪ್ಪಳ ಬಂದಿದ್ದು ಇದೇ ಮೊದಲು. ಬೆರಳಿಂದಲ್ರಿ, ಖರೇನೇ! ಅತ್ತಿ ಆರಾಮ ಎದ್ದು ಸೆರಗು ಸರಿ ಮಾಡ್ಕೊಂಡ್ರು.

ಟೇಬಲ್ ಮ್ಯಾಲಿಂದ ಕ್ಯಾಪ್ಟನ್ ಅಂದ: "ಡಾಕ್ಟ್ರ, ಅಜ್ಜಿಗೆ ಮಾಡಿದ್ದೇ ನಂಗೂ ಮಾಡ್ರಿ."

ಮಾಡಿದೆ. ಅಂವ ಇಳಿದ, ಬಗ್ಗಿದ, "ಕಬಡ್ಡಿ ಕಬಡ್ಡಿ" ಅಂತ ರೂಮಿನ ತುಂಬಾ ಓಡಾಡಿದ. ನನ್ನ ಕಣ್ಣಾಗ ನೀರು ಬಂತು. ಅಂತೂ ನಂಬಿದ್ರಪ್ಪ!

"ಡಾಕ್ಟ್ರ, ನಿಮ್ಮ ಕೈಯಾಗ ದೇವರದಾನ" ಅಂತ ಕೈ ಮುಗದ. ಆಮ್ಯಾಲೆ ಅತ್ತಿ ಮುಂದ ಹೋಗಿ ನೆಲಕ್ಕ ಬೋರಲು ಬಿದ್ದ.

"ಅಜ್ಜಿ, ಯಾವುದಕ್ಕೂ ಇರ್ಲಿ, ಒಂದು ಒದ್ದುಬಿಡ್ರಿ."