ದೇವಾಜಮ್ಮ ಕಣ್ಣು ತೆರೆದಾಗ

ಸತ್ತವರಿಗೆ ಯಾವ ತಾಪತ್ರಯವೂ ಇಲ್ಲವೆಂದು ನಂಬಿದವರು, ಅವರ ಪರವಾಗಿ ಒಂದು ವಾರ ಹುಣಸೂರಿನ ಬೀದಿಯಲ್ಲಿ ಓಡಾಡಿ ನೋಡಬೇಕು. ನಾನು ಓಡಾಡಿದ್ದೇನೆ. ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಸಂತೆಯಲ್ಲಿ, ಎಲ್ಲಿ ಕನ್ನಡಕ ತೆಗೆದರೂ ಏನಾದರೊಂದು ನಡೆದೇ ತೀರುತ್ತಿತ್ತು. ಅವುಗಳಲ್ಲಿ ಕೆಲವನ್ನು ಇಲ್ಲಿ ಬರೆದಿದ್ದೇನೆ.

ಕುಳಿತದ್ದು ನಾನು

ನನ್ನ ಅಕ್ಕ ದೇವಾಜಮ್ಮ ಗಾವಡಗೆರೆಯ ಹತ್ತಿರದ ಹಳ್ಳಿಯೊಂದಕ್ಕೆ ಮದುವೆಯಾಗಿ ಹೋದವಳು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಹುಣಸೂರಿನಲ್ಲಿ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಅಕ್ಕ ತೀರಿಕೊಂಡ ಮರುವರ್ಷ ಅವಳ ಮಗ, ಮದುವೆಗಳ ವಿಡಿಯೊ ತೆಗೆಯುತ್ತಿದ್ದವನು, ಗೆಳೆಯರನ್ನು ಕೂಡಿಕೊಂಡು ಒಂದು ಸಿನಿಮಾ ಮಾಡಿದ. ಕಂಪನಿಗೆ ತಾಯಿಯ ಹೆಸರನ್ನೇ ಇಟ್ಟ: ದೇವಾಜಮ್ಮ ಕಂಬೈನ್ಸ್. ಈಗಿನ ಚಿತ್ರಗಳಲ್ಲಿ ಕಥೆಗೆ ಮುಂಚೆ ಕಂಪನಿಯ ಲಾಂಛನ ಪರದೆಯ ಮೇಲೆ ಜೀವ ತಳೆದು ಆಡುತ್ತದಲ್ಲ, ಹಾಗೆ ತನ್ನ ತಾಯಿ ಪರದೆಯ ಮೇಲೆ ಕಣ್ಣು ತೆರೆಯಬೇಕೆಂಬುದು ಅವನ ಆಸೆ.

ಅಡ್ಡಿಯೆಂದರೆ, ಅಕ್ಕನ ಭಾವಚಿತ್ರವೇ ಇರಲಿಲ್ಲ. ಕ್ಯಾಮೆರಾ ಕಂಡೊಡನೆ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಮಗ ತೆಗೆದ ಅಷ್ಟೂ ಮದುವೆಗಳಲ್ಲಿ ಅವಳ ಬೆನ್ನು ಮಾತ್ರ ಇದೆ.

“ವೋಟಿನ ಕಾರ್ಡಿನಲ್ಲಿ ಇದೆಯಲ್ಲ?” ಎಂದೆ.

“ಅದನ್ನ ಆಕಿದ್ರೆ ಸಿನಿಮಾ ಶುರುವಾಗೋಕ್ ಮುಂಚೇನೇ ಜನ ಎದ್ದೋಯ್ತಾರೆ ಚಿಕ್ಕಮ್ಮ. ನೀವು ಅವ್ವನ ತರಾನೇ ಇದ್ದೀರಿ. ಕನ್ನಡಕ ತೆಗ್ದು ಒಂದ್ಸಲ ಕೂತ್ಕೊಳ್ಳಿ, ಸಾಕು.”

ಕುಳಿತೆ. ಹಣೆಯಲ್ಲಿ ಕಾಸಗಲದ ಕುಂಕುಮ, ಅಂಟಿಸಿದ ಮೂಗುಬೊಟ್ಟು, ತಲೆಯ ಮೇಲೆ ಸೆರಗು. ಮೈಸೂರಿನ ಒಂದು ಮಹಡಿಯ ಕೋಣೆಯಲ್ಲಿ ಕಂಪ್ಯೂಟರಿನವನೊಬ್ಬ ನನ್ನ ಮುಖವನ್ನು ಎಲ್ಲ ಕಡೆಯಿಂದಲೂ ಚಿತ್ರ ತೆಗೆದುಕೊಂಡ. “ಸ್ವಲ್ಪ ನಗಿ ಅಮ್ಮ,” ಎಂದ.

“ಯಾವುದಕ್ಕೆ?” ಎಂದು ಕೇಳಿದೆ.

ಅವನು ಕ್ಯಾಮೆರಾ ಕೆಳಗಿಳಿಸಿದ. “ಬೇಡ ಬಿಡಿ. ನಗೋದನ್ನ ನಾವೇ ಮಾಡ್ಕೋತೀವಿ.”

ಮೊದಲ ಆಟ

ಹುಣಸೂರಿನಲ್ಲಿ ಬೆಳಗಿನ ಆಟ. ದೀಪಗಳು ಆರಿದವು. ಪರದೆ ಕಪ್ಪಗಿತ್ತು. ಆ ಕಪ್ಪಿನಲ್ಲಿ ಒಂದು ಹಣತೆ ತಾನಾಗಿ ಹೊತ್ತಿಕೊಂಡಿತು. ಅದರ ಹಿಂದೆ ಮುಖವೊಂದು, ನೀರಿನಡಿಯಿಂದ ಮೇಲೆ ಬರುವಂತೆ, ನಿಧಾನವಾಗಿ ಎದ್ದುಬಂದಿತು. ರೆಪ್ಪೆಗಳು ಮುಚ್ಚಿದ್ದವು. ಮುಖ ನನ್ನದೆಂದು ನನಗೆ ಗೊತ್ತಿತ್ತು. ಆದರೆ ಕಣ್ಣು ತೆರೆದದ್ದು ನಾನಲ್ಲ.

ಆ ನೋಟ ಯಾರನ್ನೋ ಹುಡುಕುವಂತೆ ಸಾಲುಸಾಲಾಗಿ ಹರಿದು ಬಂದು ನನ್ನ ಮೇಲೆ ನಿಂತಿತು. ಆಮೇಲೆ ಆ ಮುಖ ನಕ್ಕಿತು. ನನ್ನ ತುಟಿಗಳು ಎಂದೂ ಹಾಗೆ ಬಿರಿದಿಲ್ಲ. ಅದು ಅಕ್ಕನ ನಗೆ. ಅಕ್ಕನನ್ನು ಕಂಡೇ ಇರದ ಆ ಕಂಪ್ಯೂಟರಿನವನಿಗೆ ಅದು ಎಲ್ಲಿ ಸಿಕ್ಕಿತೋ ನನಗೆ ಇಂದಿಗೂ ತಿಳಿಯದು. ಹಣತೆ ಆರಿತು. ಕತ್ತಲಿನಲ್ಲಿ ಪರದೆಯಿಂದ ಗಂಡುದನಿಯೊಂದು “ದೇವಾಜಮ್ಮಾ” ಎಂದು ದೀರ್ಘವಾಗಿ ಕರೆಯಿತು.

ಹಿಂದಿನ ಸಾಲಿನಿಂದ ಒಂದು ದನಿ ಬಂತು.

“ಲೇ, ಆ ಅಜ್ಜಿ ನನ್ನೇ ನೋಡ್ತು ಕಣ್ಲಾ.”

“ನಿನ್ನಲ್ಲ ಕಣೋ, ನನ್ನ. ಹೊಗೆಸೊಪ್ಪಿಗೆ ನೀರು ಬುಡು ಅಂತ ನಮ್ಮವ್ವ ಯೋಳಿದ್ಲು, ಇಲ್ಲಿ ಬಂದು ಕೂತಿವ್ನಿ.”

“ಅಂಗಾರೆ ಎದ್ದೋಗ್ಲಾ. ಅದರ ಮಕ ನೋಡುದ್ರೆ ನಿಮ್ಮನೆಗೆ ಯೋಳ್ಬುಡೋ ಅಂಗದೆ.”

ಭಾವನವರ ದಿನಚರಿ

ಅದೇ ಆಟಕ್ಕೆ ಅಕ್ಕನ ಗಂಡ, ನನ್ನ ಭಾವನವರೂ ಬಂದಿದ್ದರು. ಅಕ್ಕ ಹೋದ ಮೇಲೆ ಅವರು ಜಗಲಿಯ ಕಂಬಕ್ಕೆ ಒರಗಿ ಕುಳಿತವರು ಮೇಲೆದ್ದಿರಲಿಲ್ಲ. ತಟ್ಟೆ ಮುಂದಿಟ್ಟರೆ ನಾಲ್ಕು ತುತ್ತು, ಇಡದಿದ್ದರೆ ಅದೂ ಇಲ್ಲ. ಮಗ ಹೇಗೋ ಒಪ್ಪಿಸಿ ಕರೆತಂದಿದ್ದ. ಲಾಂಛನ ಮುಗಿದೊಡನೆ ಅವರು ಎದ್ದು, ಹೆಗಲಿನ ಟವೆಲು ಕೊಡವಿ, ಹೊರಗೆ ನಡೆದುಬಿಟ್ಟರು. ಮಗ ಹೆದರಿದ.

ಮಾರನೆಯ ದಿನ ಭಾವನವರು ತಾವೇ ಗಡ್ಡ ಹೆರೆದುಕೊಂಡು ಹುಣಸೂರಿನ ಬಸ್ಸು ಹತ್ತಿದರು. ಅದರ ಮಾರನೆಯ ದಿನವೂ ಹತ್ತಿದರು. ಚಿತ್ರಮಂದಿರದೊಳಗೆ ಹೋಗಿ, ದೇವಾಜಮ್ಮ ಬಂದು ಹೋಗುವಷ್ಟು ಹೊತ್ತು ಕುಳಿತು, ಕಥೆ ಶುರುವಾಗುವ ಮೊದಲೇ ಮನೆಗೆ ಹಿಂತಿರುಗುವುದು. ಊಟ ಸರಿಹೋಯಿತು. ಹೊಲಕ್ಕೂ ಇಳಿದರು. ಸಿನಿಮಾ ಪಿರಿಯಾಪಟ್ಟಣಕ್ಕೆ ಹೋದರೆ ಇವರೂ ಪಿರಿಯಾಪಟ್ಟಣಕ್ಕೆ, ಕೆ.ಆರ್. ನಗರಕ್ಕೆ ಹೋದರೆ ಇವರೂ ಅಲ್ಲಿಗೆ.

ಅಕ್ಕನ ಮಗ ನನ್ನ ಮನೆಗೆ ಬಂದು ಕೈಮುಗಿದ.

“ಅಪ್ಪಯ್ಯ ಅದನ್ನ ಅವ್ವ ಅಂತಾನೇ ನಂಬವ್ರೆ ಚಿಕ್ಕಮ್ಮ. ಕಣ್ಣೂ ಮಂಜು. ಅದು ನೀವು ಅಂತ ಗೊತ್ತಾದ್ರೆ ಮತ್ತೆ ಆ ಕಂಬಕ್ಕೆ ಒರಗ್ತಾರೆ. ಈ ಸಲ ಏಳಾಕಿಲ್ಲ. ಯಾರು ಕೇಳುದ್ರೂ ಬಾಯಿ ಬುಡಬ್ಯಾಡಿ.”

“ನಾನು ಸುಳ್ಳು ಹೇಳುವುದಿಲ್ಲ.”

“ಸುಳ್ಳು ಬ್ಯಾಡಿ. ಸುಮ್ನಿರಿ.”

ನಮ್ಮ ಕಾನ್ವೆಂಟಿನ ಸಿಸ್ಟರುಗಳು ಸುಳ್ಳನ್ನು ಪಾಪವೆನ್ನುತ್ತಿದ್ದರು, ಮೌನವನ್ನು ಶಿಸ್ತು ಎನ್ನುತ್ತಿದ್ದರು. ಆದ್ದರಿಂದ, “ಎಷ್ಟು ದಿನ?” ಎಂದು ಕೇಳಿದೆ.

“ಸಿನಿಮಾ ಓಡೋ ಗಂಟ.”

“ಆ ಸಿನಿಮಾವನ್ನು ನಾನೂ ನೋಡಿದ್ದೇನೆ,” ಎಂದೆ. “ಹೆಚ್ಚು ದಿನ ಬೇಕಾಗಲಾರದು. ಆಗಲಿ.”

ಪಿರಿಯಾಪಟ್ಟಣದ ಬಸ್ಸು

ನನ್ನ ಅಂದಾಜು ತಪ್ಪಿತು. ಪರದೆಯ ಮೇಲಿನ ಅಜ್ಜಿ ನಿಜವಾಗಿಯೂ ತೀರಿಕೊಂಡವಳು, ಆಟಕ್ಕೊಬ್ಬರನ್ನು ಆರಿಸಿ ನೋಡುತ್ತಾಳೆ ಎಂದು ಸುದ್ದಿ ಹರಡಿ, ಜನ ಕಥೆಗಾಗಿ ಅಲ್ಲದಿದ್ದರೂ ಅವಳಿಗಾಗಿ ಬರತೊಡಗಿದರು. ಕನ್ನಡಕವಿದ್ದಾಗ ನನ್ನನ್ನು ಯಾರೂ ಗುರುತಿಸುತ್ತಿರಲಿಲ್ಲ. ತೆಗೆದರೆ ಆಯಿತು.

ಬಸ್ಸಿನಲ್ಲಿ ಧೂಳು ಕೂತಿತೆಂದು ಕನ್ನಡಕ ತೆಗೆದು ಒರೆಸುತ್ತಿದ್ದೆ. ಪಕ್ಕದಲ್ಲಿ ಕೈಚೀಲದೊಳಗೆ ಕೋಳಿಯೊಂದನ್ನು ಇಟ್ಟುಕೊಂಡು ಕುಳಿತಿದ್ದ ಹೆಂಗಸು ನನ್ನತ್ತ ತಿರುಗಿದಳು. ಅವಳ ಮಾತು ಅರ್ಧಕ್ಕೆ ನಿಂತಿತು. ಕೋಳಿಯೂ ಸುಮ್ಮನಾಯಿತು. ಕಂಡಕ್ಟರು ಬಂದು ನನ್ನ ಮುಂದೆ ಕೈಚಾಚಿದಾಗ ಅವಳು ಅವನ ಅಂಗಿ ಹಿಡಿದೆಳೆದಳು.

“ಅವರ್ನ ಏನೂ ಕೇಳ್ಬ್ಯಾಡಿ ಕಣಣ್ಣ. ಅವರು ಇಲ್ಲ.”

“ಇಲ್ಲಾಂದ್ರೆ?”

“ಓಗ್ಬುಟ್ಟವ್ರೆ. ಸಿನಿಮಾದಲ್ಲಿ ಕಣ್ಣು ಬುಡ್ತಾರಲ್ಲ, ದೇವಾಜಮ್ಮ.”

ಕಂಡಕ್ಟರು ನನ್ನ ಮುಖವನ್ನು ನೋಡಿದ. ಅವನ ಬಣ್ಣ ಸ್ವಲ್ಪ ಇಳಿಯಿತು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಆದರೂ ಅವನು ಕರ್ತವ್ಯ ಬಿಡಲಿಲ್ಲ.

“ಇರೋರಾಗ್ಲಿ, ಓಗಿರೋರಾಗ್ಲಿ, ಹೆಂಗಸ್ರಿಗೆ ಫ್ರೀ,” ಎಂದ. “ಆಧಾರ್ ಕಾರ್ಡ್ ತೋರಿಸ್ಬೇಕು, ಅಷ್ಟೇಯ.”

ಬೀಗದಕೈ

ಕೆ.ಆರ್. ನಗರದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗಳ ಮದುವೆ. ಊಟದ ನಂತರ ಛತ್ರದ ಹಿಂದಿನ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದೆ. ಅಲ್ಲಿ ಬೇರೆ ಯಾರೂ ಇರಲಿಲ್ಲ. ತಲೆಯೆತ್ತಿದರೆ ಬಿಳಿಗೂದಲಿನ ಹೆಂಗಸೊಬ್ಬಳು ಹತ್ತಿರವೇ ನಿಂತಿದ್ದಳು. ಬಂದ ಸದ್ದು ಕೇಳಿರಲಿಲ್ಲ. ಅವಳು ಒದ್ದೆಯಾಗಿದ್ದ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ಅವಳ ಬೆರಳುಗಳು ನಲ್ಲಿಯ ನೀರಿಗಿಂತ ತಣ್ಣಗಿದ್ದವು.

“ಅಲ್ಲಿ ನಮ್ಮೆಜಮಾನ್ರು ಸಿಕ್ಕವ್ರಾ ತಾಯಿ?” ಎಂದು ಪಿಸುಗುಟ್ಟಿದಳು.

ನಾನು ಕೈ ಬಿಡಿಸಿಕೊಳ್ಳಲು ನೋಡಿದೆ. ಬಿಡಲಿಲ್ಲ.

“ಓದ ವರ್ಷ ಓದ್ರು. ಬೀರು ಬೀಗದಕೈ ಎಲ್ಲಿ ಮಡಗವ್ರೋ ಯೋಳ್ದೇನೇ ಓಗ್ಬುಟ್ರು. ಸಿಕ್ಕುದ್ರೆ ಒಂದ್ಮಾತು ಕೇಳಿ.”

ನಾನು ಬದುಕಿದ್ದೇನೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಛತ್ರದ ತುಂಬ ಗಾವಡಗೆರೆಯ ಕಡೆಯ ನೆಂಟರಿದ್ದರು. ಸಂಜೆಯೊಳಗೆ ಸುದ್ದಿ ಭಾವನವರ ಜಗಲಿಗೆ ತಲುಪುತ್ತಿತ್ತು. ಸತ್ಯವನ್ನೂ ಮೀರದೆ, ಗುಟ್ಟನ್ನೂ ಬಿಡದೆ ಉತ್ತರಿಸಿದೆ.

“ನಾನು ಅವರನ್ನು ಕಂಡಿಲ್ಲಮ್ಮ.”

ಅವಳು ನಿಟ್ಟುಸಿರಿಟ್ಟು ಕೈ ಬಿಟ್ಟಳು.

“ಅಲ್ಲೂ ಇಸ್ಪೀಟಾಡಕ್ಕೆ ಓಗವ್ರೆ ಬುಡಿ. ಇಲ್ಲೂ ಒಂದಿನ ಮನೇಲಿ ಸಿಕ್ದೋರಲ್ಲ.”

ಅಂತರಸಂತೆಯ ಬಾಳೆಹಣ್ಣು

ಸಿನಿಮಾ ಎಚ್.ಡಿ. ಕೋಟೆಗೆ ಬಂದ ವಾರ, ಅಂತರಸಂತೆಯಲ್ಲಿರುವ ನನ್ನ ಹಳೆಯ ಸಹೋದ್ಯೋಗಿಯನ್ನು ನೋಡಲು ಹೋಗಿದ್ದೆ. ಕಾಡಿನ ಕಡೆಯಿಂದ ಮಂಜು ಇಳಿದು ಸಂತೆಯ ಕೊನೆಯ ಅಂಗಡಿಗಳು ಕಾಣದಂತಾಗಿದ್ದವು. ಒಂದು ಹಣ್ಣಿನಂಗಡಿಯಲ್ಲಿ ದೇವರ ಪಟಗಳ ಸಾಲಿನಲ್ಲಿ ನನ್ನ ಪಟವೂ ಇತ್ತು. ಸಿನಿಮಾದ ಭಿತ್ತಿಪತ್ರದಿಂದ ಕತ್ತರಿಸಿ ಕಟ್ಟು ಹಾಕಿಸಿದ್ದರು. ಚೆಂಡುಹೂವಿನ ಹಾರ, ಊದುಬತ್ತಿ. ತನ್ನದೇ ಪಟಕ್ಕೆ ಹಾಕಿದ ಹಾರವನ್ನು ಎದುರು ನಿಂತು ನೋಡುವುದು ಹಿತವಾದ ಅನುಭವವಲ್ಲ. ಗಾಳಿ ಬೀಸಿದಾಗ ಹಾರ ಅಲುಗಿತು. ನನ್ನ ಕೊರಳು ತುರಿಸಿದಂತಾಯಿತು.

ಮಂಜಿಗೆ ಕನ್ನಡಕ ಮಸುಕಾಗಿತ್ತು. ತೆಗೆದು, “ನಾಲ್ಕು ಬಾಳೆಹಣ್ಣು ಕೊಡಪ್ಪ,” ಎಂದೆ.

ಅಂಗಡಿಯವನು ನನ್ನನ್ನು ನೋಡಿದ, ಪಟವನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಓಡಿಹೋಗಲಿಲ್ಲ. ಒಳ್ಳೆಯ ವ್ಯಾಪಾರಿ. ಗೊನೆಯಿಂದ ಕಳಿತ ಹಣ್ಣುಗಳನ್ನು ಆರಿಸಿ, ಎರಡೂ ಕೈಯಲ್ಲಿ ಹಿಡಿದು, ಬಹಳ ವಿನಯದಿಂದ ಕೇಳಿದ:

“ಅಮ್ಮ, ಕಟ್ಕೊಡ್ಲಾ? ಇಲ್ಲ ಬರೀ ವಾಸ್ನೆ ತಗೊಂಡೋಯ್ತೀರಾ?”

ಎಡೆ

ಪಿತೃಪಕ್ಷ ಬಂತು. ಅಕ್ಕನ ಮನೆಯಲ್ಲಿ ಎಡೆ ಇಡುವ ದಿನ ಒಳಕೋಣೆಯಲ್ಲಿ ತೀರಿಕೊಂಡವರ ಪಟದ ಮುಂದೆ, ಅವರಿಗೆ ಇಷ್ಟವಾದುದನ್ನೆಲ್ಲ ಎಲೆಯಲ್ಲಿ ಬಡಿಸಿ, ಹೊಸ ಬಟ್ಟೆಯಿಟ್ಟು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕಾಯುತ್ತಾರೆ. ಅಷ್ಟು ಹೊತ್ತಿನಲ್ಲಿ ಹಿರಿಯರು ಬಂದು ಉಂಡು ಹೋಗುತ್ತಾರೆಂಬ ನಂಬಿಕೆ. ಅಕ್ಕನ ಪಟವಿಲ್ಲವಲ್ಲ. ಮಗ ಟಿವಿಯನ್ನು ಎಲೆಯ ಮುಂದಿಟ್ಟು ಲಾಂಛನವನ್ನು ಹಚ್ಚಿದ್ದ. ಅದು ಮುಗಿದೊಡನೆ ಮತ್ತೆ ಮೊದಲಾಗುತ್ತಿತ್ತು. ಮುಚ್ಚಿದ ಬಾಗಿಲಿನ ಹಿಂದಿನಿಂದ ಆ ಗಂಡುದನಿ “ದೇವಾಜಮ್ಮಾ” ಎಂದು ಮತ್ತೆ ಮತ್ತೆ ಕರೆಯುತ್ತಿತ್ತು. ನಾವು ನಡುಮನೆಯಲ್ಲಿ ಕುಳಿತಿದ್ದೆವು. ಭಾವನವರು ಹೊರಗೆ ಜಗಲಿಯಲ್ಲಿದ್ದರು.

ಇದ್ದಕ್ಕಿದ್ದಂತೆ ಕರೆ ಅರ್ಧಕ್ಕೆ ತುಂಡಾಯಿತು. ಕರೆಂಟು ಹೋಗಿತ್ತು. ಆ ನಿಶ್ಶಬ್ದದಲ್ಲಿ, ಒಳಗೆ ಎಲೆ ಸರಿದ ಸದ್ದು ಎಲ್ಲರಿಗೂ ಕೇಳಿಸಿತು.

“ಅತ್ತೆ ಬಂದವ್ರೆ,” ಎಂದು ಸೊಸೆ ಗೋಡೆಗೆ ಅಂಟಿಕೊಂಡಳು.

ಅಕ್ಕನ ಮಗ ನನ್ನತ್ತ ನೋಡಿದ. “ನೀವೇ ಓಗಿ ನೋಡಿ ಚಿಕ್ಕಮ್ಮ. ಇಬ್ರೂ ಒಂದೇ ತರ ಇದ್ದೀರಿ. ಅವ್ವ ಎದುರ್ಕೊಳ್ಳಾಕಿಲ್ಲ.”

ತಲೆಯ ಮೇಲೆ ಸೆರಗು ಹೊದ್ದು ಒಳಗೆ ಹೋದೆ. ಕಿಟಕಿಯಿಲ್ಲದ ಕೋಣೆ. ಎಣ್ಣೆಯ ದೀಪವೊಂದೇ ಉರಿಯುತ್ತಿತ್ತು. ಸಾಂಬ್ರಾಣಿ ಹೊಗೆಗೆ ಕಣ್ಣು ಉರಿದು ಕನ್ನಡಕ ತೆಗೆದೆ. ಬೆಕ್ಕೊಂದು ಮೀನಿನ ತುಂಡು ಕಚ್ಚಿಕೊಂಡು ನನ್ನ ಕಾಲಿನ ಪಕ್ಕದಲ್ಲಿ ನುಸುಳಿ ಹೋಯಿತು. ಆರಿದ ಟಿವಿಯ ಗಾಜಿನಲ್ಲಿ ಆ ಮುಖ ಇನ್ನೂ ಇತ್ತು. ನನ್ನದೇ ನೆರಳೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು.

ತಿರುಗಿದರೆ ಬಾಗಿಲಲ್ಲಿ ಭಾವನವರು.

ನಮ್ಮಿಬ್ಬರ ನಡುವೆ ದೀಪ. ಅವರ ಹೆಗಲ ಹಿಂದೆ ಅಕ್ಕನ ಮಗನ ಮುಖ ಬಿಳಿಚಿಕೊಂಡಿತ್ತು. ಇಷ್ಟು ದಿನ ಕಾಪಾಡಿದ್ದು ಇಲ್ಲಿಗೆ ಮುಗಿಯಿತೆಂದು ನನಗೂ ಅನಿಸಿತು. ಭಾವನವರು ಬಹಳ ಹೊತ್ತು ನೋಡಿದರು. ನಾನು ರೆಪ್ಪೆಯನ್ನೂ ಅಲುಗಿಸಲಿಲ್ಲ.

“ಕನ್ನಡಕ ಆಕ್ಕೊ ಟೀಚರಮ್ಮ,” ಎಂದರು. “ಎಡವಿ ಬಿದ್ದೀಯೆ.”

“ಅಪ್ಪಯ್ಯ, ನಿಮಗೆ...” ಎಂದು ಮಗ ತೊದಲಿದ.

“ಮೊದಲ್ನೇ ದಿನಾನೇ ಗೊತ್ತು ಕಣ್ಲಾ. ನಿಮ್ಮವ್ವ ಅಷ್ಟೊತ್ತು ಬಾಯ್ಮುಚ್ಕೊಂಡು ನನ್ನ ಯಾವತ್ತು ನೋಡಿದ್ಲು?”

“ಮತ್ತೆ ದಿನಾ ಯಾಕೆ ಓಯ್ತಿದ್ರಿ?”

ಭಾವನವರು ಬಗ್ಗಿ, ಬೆಕ್ಕು ಎಳೆದಾಡಿದ್ದ ಎಲೆಯನ್ನು ನೇರ ಮಾಡಿದರು.

“ಕಟ್ಕೊಂಡಾಗಿಂದ್ಲೂ ಲೇ, ಇವ್ಳೇ ಅಂತಾನೇ ಕೂಗ್ದೆ. ಎಸ್ರಿಡಿದು ಕರೀಬೇಕು ಅಂತ ತೋಚ್ನೇ ಇಲ್ಲ. ಅವ್ಳು ಓದ್ಮ್ಯಾಕೆ ಕರ್ಯಾಣ ಅಂದ್ರೆ ಮನೆ ತುಂಬ ಜನ, ಏನಂದ್ಕೊಂಡಾರು. ಅಲ್ಲಿ ಕತ್ಲು. ಆ ವಯ್ಯ ಕೂಗೋವಾಗ ನಾನೂ ಜತೇಲಿ ಕೂಗ್ತಿದ್ದೆ. ಯಾರ್ಗೂ ಕೇಳ್ತಿರ್ನಿಲ್ಲ.”

ಸೊಸೆ ಸೆರಗಿನಲ್ಲಿ ಮೂಗೊರೆಸಿಕೊಂಡಳು. ನಾನು ಕನ್ನಡಕವನ್ನು ಮತ್ತೊಮ್ಮೆ ಒರೆಸಿದೆ. ಕರೆಂಟು ಬಂತು. ಟಿವಿಯಲ್ಲಿ ಹಣತೆ ಹೊತ್ತಿ, ಮುಖ ಮೇಲೆದ್ದು, ಕಣ್ಣು ತೆರೆದು, ಅಕ್ಕನ ನಗೆ ನಕ್ಕಿತು. ಈ ಬಾರಿ ಭಾವನವರು ಆ ಗಂಡುದನಿಗೂ ಕಾಯಲಿಲ್ಲ. ನಮ್ಮೆಲ್ಲರ ಎದುರಿಗೇ “ದೇವಾಜಮ್ಮ” ಎಂದು ಕರೆದುಬಿಟ್ಟರು.

ಅಕ್ಕನ ಮಗ ಕಣ್ಣೊರೆಸಿಕೊಂಡ. ಅವನ ಎದೆಯಿಂದ ದೊಡ್ಡ ಭಾರ ಇಳಿದಂತಿತ್ತು. ಆದರೆ ಎಷ್ಟಾದರೂ ಸಿನಿಮಾ ಮಾಡಿದವನು, ಆ ಹೊತ್ತಿನಲ್ಲೂ ತಡೆಯಲಾಗಲಿಲ್ಲ.

“ಅಪ್ಪಯ್ಯ, ಅಷ್ಟು ದಿನ ಓಗಿದ್ರಲ್ಲ, ಒಂದಿನಾನಾದ್ರೂ ಪೂರ್ತಿ ಕೂತಿದ್ರಾ? ಎಂಗಿತ್ತು?”

ಭಾವನವರು ನಿಜವಾದ ಆಶ್ಚರ್ಯದಿಂದ ಅವನತ್ತ ತಿರುಗಿದರು.

“ಅದಾದ್ಮ್ಯಾಕೆ ಇನ್ನೂ ಇತ್ತೇನ್ಲಾ?”